‘ರಿಟೆನ್ಷನ್’ಗೆ ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ,

ಪುಣೆಯಲ್ಲಿ ಬ್ಯಾಂಕಿಂಗ್ ಆ್ಯಪ್‌ಗಳ ಕನ್ನಡ ಪಠ್ಯ ನೋಡಿಕೊಳ್ಳುವ ಕೆಲಸ ನನ್ನದು. ‘ಡೇಟಾ ರಿಟೆನ್ಷನ್’, ಅಂದರೆ ಮಾಹಿತಿಯನ್ನು ಇಂತಿಷ್ಟು ಕಾಲ ಇಟ್ಟುಕೊಳ್ಳುವುದು, ಅನ್ನೋದಕ್ಕೆ ನೀವೆಲ್ಲ ಏನು ಬಳಸುತ್ತೀರಿ? ನಮ್ಮ ಹಳೆಯ ಕರಡಿನಲ್ಲಿ ‘ದತ್ತಾಂಶ ಧಾರಣೆ’ ಅಂತ ಇದೆ. ಧಾರಣೆ ಅಂದರೆ ನಮ್ಮ ಜನಕ್ಕೆ ಅಡಿಕೆಯ ದರ, ಅಲ್ವಾ? ‘ಸಂಗ್ರಹ’ ಅಂದರೆ ಕೂಡಿಡುವುದು. ಎಷ್ಟು ಕಾಲ ಅನ್ನುವುದು ಅದರಲ್ಲಿ ಬರುವುದಿಲ್ಲ. ‘ಕಾಯ್ದಿರಿಸು’ ರೈಲಿನ ಸೀಟಿಗೆ ಹೋಗಿಬಿಟ್ಟಿದೆ.

ನನಗೆ ಜಾಸ್ತಿ ತೊಡಕಾಗಿರುವುದು ಇನ್ನೊಂದು. ಆ ಒಂದೇ ಪದದ ಕೆಳಗೆ ಎದುರುಬದುರಾದ ಎರಡು ನಿಯಮ ಕೂತಿವೆ. ನಮ್ಮ ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ತಮ್ಮ ಕಂಪ್ಯೂಟರುಗಳಲ್ಲಿ ಏನೇನು ನಡೆಯಿತು ಅನ್ನುವ ಲಾಗ್‌ಗಳನ್ನು 180 ದಿನ ಇಡಲೇಬೇಕು. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ, ಖಾತೆ ಮುಚ್ಚಿದ ಮೇಲೂ ಗ್ರಾಹಕರ ಗುರುತಿನ ದಾಖಲೆ 5 ವರ್ಷ ಬ್ಯಾಂಕಿನಲ್ಲಿ ಇರಬೇಕು. ಮೊದಲೇ ಅಳಿಸಿದರೆ ತಪ್ಪು. ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಇದಕ್ಕೆ ತದ್ವಿರುದ್ಧ. 2018ರ ಮೇ 25ರಿಂದ ಜಾರಿಯಲ್ಲಿರುವ ಈ ಕಾನೂನು ಇಷ್ಟು ವರ್ಷ ಅಂತ ಹೇಳುವುದೇ ಇಲ್ಲ. ಯಾವ ಕೆಲಸಕ್ಕೆ ತೆಗೆದುಕೊಂಡಿರೋ ಅದು ಮುಗಿದ ಮೇಲೂ ಸುಮ್ನೆ ಇಟ್ಟುಕೊಂಡಿದ್ದರೆ ತಪ್ಪು ಅನ್ನುತ್ತದೆ. ಅದೇ ಯುರೋಪ್ 2006ರಲ್ಲಿ ಫೋನ್, ಇಂಟರ್ನೆಟ್ ಬಳಕೆಯ ವಿವರಗಳನ್ನು ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷ ಇಡಿಸಬೇಕು ಅಂತ ಎರಡೂ ಕಡೆ ಬೇಲಿ ಹಾಕಿತ್ತು. 2014ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಮರುವರ್ಷವೇ ಆಸ್ಟ್ರೇಲಿಯಾ 2 ವರ್ಷ ಇಡುವುದನ್ನು ಕಡ್ಡಾಯ ಮಾಡಿತು.

ಈಗ ‘ನಿಮ್ಮ ಮಾಹಿತಿಯನ್ನು 5 ವರ್ಷ ಇರಿಸಲಾಗುವುದು’ ಅನ್ನೋ ಸಾಲು ನೋಡಿ. ಐದು ವರ್ಷ ಆದ ಕೂಡಲೇ ಅಳಿಸುತ್ತಾರೋ, ಕಡೇಪಕ್ಷ ಐದು ವರ್ಷ ಇಡುತ್ತಾರೋ? ಅಲ್ಲಿರುವುದು ಗ್ರಾಹಕರ ಪ್ಯಾನ್, ಅವರ ಫೋಟೊ, ಅವರ ಸಹಿ. ಎಂದು ಅಳಿಸುತ್ತಾರೆ ಅನ್ನುವುದು ಅವರಿಗೆ ಓದಿದ ಕೂಡಲೇ ತಿಳಿಯಬೇಕು.

ನನ್ನ ಸಲಹೆ ಹೀಗಿದೆ. ಇಡಲೇಬೇಕಾದ ಕಾಲಕ್ಕೆ ‘ಜತನದ ಅವಧಿ’, ಅಳಿಸಲೇಬೇಕಾದ ದಿನಕ್ಕೆ ‘ಅಳಿಸುವ ಗಡುವು’. ಇಲ್ಲಿ ಮರಾಠಿಯಲ್ಲಿ ಕಂಪ್ಯೂಟರಿನ ಸೇವ್ ಬಟನ್ನಿಗೂ ‘ಜತನ ಕರಾ’ ಅಂತಲೇ ಬರೆಯುತ್ತಾರೆ. ಧಾರವಾಡದ ಕಡೆಯವರ ಬಾಯಲ್ಲಿ ‘ಜತನ ಮಾಡಿ ಇಡು’ ಮೊದಲಿನಿಂದಲೂ ಇದೆ. ಮೈಸೂರು, ಮಂಗಳೂರು ಕಡೆಯವರಿಗೆ ಇದು ಹೇಗೆ ಕೇಳಿಸುತ್ತದೆ? ಜೋಪಾನದ ಅರ್ಥವೇ ಮುಂದಾಗಿ ಕಾನೂನಿನ ಒತ್ತಾಯ ಮರೆಯಾಗುತ್ತದೆಯೇ? ಬ್ಯಾಂಕಿನಲ್ಲೋ ಸರ್ಕಾರಿ ರೆಕಾರ್ಡ್ ರೂಮಿನಲ್ಲೋ ಕೆಲಸ ಮಾಡಿದವರಿದ್ದರೆ, ಅಲ್ಲಿ ನಿಜವಾಗಿ ಆಡುವ ಮಾತು ಯಾವುದು ಅಂತ ದಯವಿಟ್ಟು ತಿಳಿಸಿ.