14 ತಿಂಗಳ ಪಾಪು, ದುಬೈ ವಿಮಾನ: ಸ್ಟ್ರೋಲರ್ ಒಯ್ಯೋದಾ, ಮನೇಲೇ ಬಿಡೋದಾ?

ಪ್ರಶ್ನೆ (ದಾವಣಗೆರೆ): ಮುಂದಿನ ತಿಂಗಳು ಬೆಂಗಳೂರಿಂದ ದುಬೈಗೆ ಹೊರಟಿದ್ದೀವಿ. ಸ್ಟ್ರೋಲರ್ (ಮಗು ಕೂರಿಸಿ ತಳ್ಳೋ ಗಾಡಿ) ಲಗೇಜ್ ಜತೆ ಕೌಂಟರಲ್ಲೇ ಹಾಕಿಬಿಡೋದಾ, ವಿಮಾನದ ಬಾಗಿಲವರೆಗೂ ತಳ್ಕೊಂಡು ಹೋಗ್ಬಹುದಾ? ಹೋಗಿಬಂದವರು ಹೇಳ್ರಿ.

ವಿದ್ಯಾನಗರದ ಅಮ್ಮ: ನನ್ನ ಹೊಟ್ಟೆಉರಿ ಕೇಳ್ರಿ. 18,500 ರೂಪಾಯಿ ಸ್ಟ್ರೋಲರ್. ಗೇಟಲ್ಲಿ ಟ್ಯಾಗ್ ಕಟ್ಟಿ ಕೊಟ್ವಿ, ಚೀಲ ಹಾಕಿರಲಿಲ್ಲ. ವಾಪಸ್ ಬೆಲ್ಟ್ ಮೇಲೆ ಬಂತು, ಮುಂದಿನ ಎಡಚಕ್ರ ಇಲ್ಲ! ಮಗು ಅಳ್ತಿತ್ತು, ರಾತ್ರಿ ಎರಡು ಗಂಟೆ, ನಾಳೆ ಮೇಲ್ ಮಾಡಿದ್ರಾಯ್ತು ಅಂತ ಮನೆಗೆ ಬಂದ್ವಿ. ಅದೇ ತಪ್ಪು. ಏರ್‌ಪೋರ್ಟಲ್ಲೇ ದೂರು ಯಾಕೆ ಬರೆಸಲಿಲ್ಲ ಅಂತ ಏರ್‌ಲೈನ್‌ನವರು ಶುರು ಮಾಡಿದ್ರು. ಅಂತರರಾಷ್ಟ್ರೀಯ ಪ್ರಯಾಣಕ್ಕೆ 7 ದಿನದೊಳಗೆ ಲಿಖಿತ ದೂರು ಕೊಡಬಹುದು ಅನ್ನೋದು ಹತ್ತನೇ ದಿನ ಗೊತ್ತಾಯ್ತು. ಸೈಕಲ್ ಶಾಪಿನವನು 250 ತಗೊಂಡು ಬೇರೆ ಚಕ್ರ ಹಾಕಿದ. ಈಗ ನೆಟ್ಟಗೆ ತಳ್ಳಿದ್ರೂ ಎಡಕ್ಕೇ ಹೋಗ್ತದೆ.

ದುರ್ಗದವನು: ಅದಕ್ಕೇ ನಾನು ಪೂರ್ತಿ ಮಡಚೋದು ತಗೊಂಡೆ. 6.2 ಕೆ.ಜಿ., 21,000. ಡಬ್ಬದ ಮೇಲೆ ‘ಕ್ಯಾಬಿನ್ ಸೈಜ್’ ಅಂತ ದೊಡ್ಡ ಅಕ್ಷರ. ಹೋಗುವಾಗ ವಿಮಾನದೊಳಗೆ ಬಿಟ್ರು. ಬರುವಾಗ ಅಳತೆ ಚೌಕಟ್ಟಿಗೆ ಇಡಿ ಅಂದ್ರು: ಅವರದ್ದು 55×35×25 ಸೆಂ.ಮೀ., ನನ್ನದು ಅಗಲ 44. ಕೊನೆಗೆ ಲಗೇಜ್ ಜತೆ ವಿಮಾನದ ಹೊಟ್ಟೆಗೇ ಹೋಯ್ತು. ಆದ್ರೂ ತಗೊಂಡಿದ್ದು ಸರಿಯೇ, ನನ್ನ ಹೆಂಡತಿ ಮಾತ್ರ ಒಪ್ಪಲ್ಲ.

ನಿವೃತ್ತ ಮೇಷ್ಟ್ರು: ನಮ್ಮ ಕಾಲದಲ್ಲಿ ಮೂರು ಮಕ್ಕಳನ್ನೂ ಕಂಕುಳಲ್ಲೇ ಬೆಳೆಸಿದ್ವಿ. ಮಿರ್ಚಿ ಮಾರೋ ತಳ್ಳುಗಾಡಿ ಬಿಟ್ರೆ ಬೇರೆ ಗಾಡಿ ನೋಡಿರಲಿಲ್ಲ.

ವಿದ್ಯಾನಗರದ ಅಮ್ಮ: ಮೇಷ್ಟ್ರೇ, ಎತ್ತಿದ್ದು ನೀವಾ, ನಿಮ್ಮ ಮನೆಯವರಾ? 11 ಕೆ.ಜಿ. ಮಗು ಎತ್ಕೊಂಡು ಇಮಿಗ್ರೇಶನ್ ಸಾಲಲ್ಲಿ ಮುಕ್ಕಾಲು ಗಂಟೆ ನಿಲ್ರಿ, ಆಮೇಲೆ ಮಾತಾಡೋಣ.

ಮೇಷ್ಟ್ರು: ಹಿರಿಯರ ಜತೆ ಮಾತಾಡೋ ರೀತಿನಾ ಇದು?

ಹರಿಹರದವ: ಅದೆಲ್ಲ ಇರ್ಲಿ, ಏರ್‌ಪೋರ್ಟಿಗೆ ಹೋಗೋದು ಹೆಂಗೆ? ನಾವು ಬುಕ್ ಮಾಡಿದ ಕಾರಿನ ಡಿಕ್ಕಿಲಿ ಸಿಎನ್‌ಜಿ ಸಿಲಿಂಡರ್! ಎರಡು ಸೂಟ್‌ಕೇಸ್ ಹಿಂದಿನ ಸೀಟಲ್ಲಿ, ಸ್ಟ್ರೋಲರ್ ನನ್ನ ತೊಡೆ ಮೇಲೆ, ತುಮಕೂರು ದಾಟೋವರೆಗೂ ಅದರ ಹಿಡಿ ಗಲ್ಲಕ್ಕೆ ಚುಚ್ತಿತ್ತು. 6,800 ಕೊಟ್ಟೆ ಅದಕ್ಕೆ.

ದುರ್ಗದವನು: 6,800? ಸುಲಿಗೆ. ರೈಲಲ್ಲಿ ಹೋಗ್ಬೇಕಿತ್ತು.

ಹರಿಹರದವ: ಬೆಳಗಿನ ಜಾವದ ವಿಮಾನಕ್ಕೆ ಯಾವ ರೈಲಪ್ಪ? ನೀನು ಬಂದು ಲಗೇಜ್ ಹೊರ್ತೀಯಾ?

ಪ್ರಶ್ನೆ ಕೇಳಿದವಳು: ಅಣ್ಣಂದಿರೇ, ಬಾಗಿಲವರೆಗೂ ಬಿಡ್ತಾರಾ ಇಲ್ವಾ, ಅಷ್ಟು ಹೇಳ್ರಿ!

ವಿದ್ಯಾನಗರದ ಅಮ್ಮ: ಬಹಳಷ್ಟು ಏರ್‌ಲೈನ್‌ನವರು ಬಿಡ್ತಾರಮ್ಮ, ದುಡ್ಡೂ ಇಲ್ಲ. ನಿನ್ನ ಏರ್‌ಲೈನ್ ನಿಯಮ ಒಮ್ಮೆ ನೋಡ್ಕೋ. ಸೆಕ್ಯುರಿಟಿಲಿ ಮಗುನ ಎತ್ಕೊಂಡು ಗಾಡಿ ಎಕ್ಸ್‌ರೇಗೆ ಹಾಕ್ಬೇಕು. ಇಳಿದ ಮೇಲೆ ಬಾಗಿಲಲ್ಲಿ ಕೊಡ್ತಾರೋ, ಬೆಲ್ಟಿಗೆ ಹಾಕ್ತಾರೋ, ಗೇಟಲ್ಲೇ ಕೇಳ್ಕೋ. ಕೊಡೋ ಮುಂಚೆ ನಾಲ್ಕೂ ಚಕ್ರದ ಫೋಟೋ ತೆಗಿ. ಚೀಲ ಮರೀಬೇಡ.

ಮೇಷ್ಟ್ರು: ಚೀಲಕ್ಕೆ ಬೇರೆ ದುಡ್ಡು!

ಹರಿಹರದವ: ಮೇಷ್ಟ್ರೇ, ನೀವು ಸುಮ್ನಿರಿ. ದುರ್ಗದಣ್ಣ, ಆ ರೈಲಿನ ಹೆಸರು ಹೇಳು ಮೊದ್ಲು.