ಮುಚ್ಚಿಟ್ಟದ್ದು ಏನು ಅಂತ ಕೇಳಬೇಕು

ಎಲ್ಲರಿಗೂ ನಮಸ್ಕಾರ, ನಾನು ಚೆಂಬೂರಿನಿಂದ. ಡೊಂಬಿವಲಿ ಅಣ್ಣನ ಮಗ ಬೆಳಿಗ್ಗೆ ಹಾಕಿದ ವಿಡಿಯೊ ಕೊನೆವರೆಗೆ ನೋಡಿದೆ. ಟೈಪ್ ಮಾಡ್ಲಿಕ್ಕೆ ಕೂತರೆ ಮುಗಿಯುವುದಿಲ್ಲ, ಹಾಗಾಗಿ ಮಾತಾಡಿಯೇ ಕಳಿಸ್ತಿದ್ದೇನೆ. ಉದ್ದ ಆಗ್ತದೆ, ಆದ್ರೂ ಪೂರ್ತಿ ಕೇಳಿ.

ವಿಡಿಯೊ ನೋಡದವರಿಗೆ ಹೇಳ್ತೇನೆ. 1947ರಲ್ಲಿ ಅಮೆರಿಕದ ರೋಸ್‌ವೆಲ್ ಊರಿನ ಹತ್ತಿರ ಹಾರುವ ತಟ್ಟೆ ಬಿತ್ತಂತೆ, ಒಳಗೆ ಬೇರೆ ಲೋಕದವರ ಹೆಣ ಇತ್ತಂತೆ, ಸರ್ಕಾರ ಎಲ್ಲವನ್ನೂ ಮುಚ್ಚಿಟ್ಟಿತಂತೆ, 2023ರಲ್ಲಿ ಒಬ್ಬ ಅಧಿಕಾರಿ ಪ್ರಮಾಣ ಮಾಡಿ ಅದನ್ನು ಹೊರಗೆ ಹಾಕಿದನಂತೆ. ಅದರ ಕೆಳಗೆ ನೀನು ಬರೆದಿದ್ದಿ, "ಸುಳ್ಳು ಹೇಳಿದ್ದು ಹೌದು ಅಂತ ಸರ್ಕಾರವೇ ಒಪ್ಪಿಕೊಂಡಿದೆ, ಇನ್ನೆಂತ ಸಾಕ್ಷಿ ಬೇಕು?" ಅಂತ.

ಮಗಾ, ಸರ್ಕಾರ ಸುಳ್ಳು ಹೇಳಿದ್ದು ನಿಜ. ಅದರಲ್ಲಿ ನಿನ್ನ ಜೊತೆ ನನಗೆ ತಕರಾರಿಲ್ಲ. ಆದ್ರೆ ಆ ಸುಳ್ಳಿನ ಹಿಂದೆ ಇದ್ದದ್ದು ಎಂತ ಅಂತ ಆ ವಿಡಿಯೊ ಮಾಡಿದವ ಹೇಳಲೇ ಇಲ್ಲ. ಹೇಳಿದ್ರೆ ಅವನ ಕಥೆ ಅಲ್ಲಿಗೇ ಮುಗೀತಿತ್ತು.

ಆ ಬೇಸಿಗೆಯಲ್ಲಿ ಮ್ಯಾಕ್ ಬ್ರೇಜೆಲ್ ಅಂತ ಒಬ್ಬ, ದನ-ಕುರಿ ಮೇಯಿಸುವ ಜಾಗ ನೋಡಿಕೊಳ್ಳುವವ, ಬಯಲಲ್ಲಿ ಚೂರುಪಾರು ಬಿದ್ದದ್ದು ಕಂಡ. ಜುಲೈ 9ರ ಸ್ಥಳೀಯ ಪತ್ರಿಕೆಯಲ್ಲಿ ಅವನದೇ ಮಾತು ಅಚ್ಚಾಗಿದೆ. ರಬ್ಬರಿನ ಪಟ್ಟಿ, ಬೆಳ್ಳಿ ಬಣ್ಣದ ಕಾಗದ, ಸಪೂರ ಕೋಲು, ಹೂವಿನ ಚಿತ್ರ ಇದ್ದ ಅಂಟು ಟೇಪು. ಎಲ್ಲ ಸೇರಿಸಿದ್ರೆ ಸುಮಾರು ಐದು ಪೌಂಡು ಅಂತ ಅವನ ಅಂದಾಜು, ಅಂದ್ರೆ ಎರಡು ಕಿಲೋಕ್ಕಿಂತ ಸ್ವಲ್ಪ ಹೆಚ್ಚು. ಹೆಣದ ಮಾತು ಅದರಲ್ಲಿ ಎಲ್ಲಿಯೂ ಇಲ್ಲ.

ಅದಕ್ಕೆ ಒಂದು ದಿನ ಮೊದಲು, ಜುಲೈ 8ಕ್ಕೆ, ಅಲ್ಲಿನ ವಾಯುನೆಲೆಯವರೇ ನಮಗೆ ಹಾರುವ ತಟ್ಟೆ ಸಿಕ್ಕಿದೆ ಅಂತ ಪ್ರಕಟಣೆ ಕೊಟ್ಟಿದ್ರು. ಹಾಗೆ ಯಾಕೆ ಅಂದ್ರು ಅಂತ ತಿಳೀಬೇಕಾದ್ರೆ ಅದಕ್ಕೆ ಹದಿನೈದು ದಿನ ಹಿಂದೆ ಹೋಗಬೇಕು. ಜೂನ್ 24ಕ್ಕೆ ಕೆನೆತ್ ಅರ್ನಾಲ್ಡ್ ಅನ್ನುವ ಪೈಲಟ್ ವಿಚಿತ್ರ ವಸ್ತುಗಳು ಹಾರುವುದನ್ನು ನೋಡಿದೆ ಅಂದಿದ್ದ, ಇಡೀ ಅಮೆರಿಕದಲ್ಲಿ ಅದೇ ಸುದ್ದಿ. ರೋಸ್‌ವೆಲ್ ಪ್ರಕಟಣೆಯ ಬೆನ್ನಿಗೇ ಮೇಲಿನ ಸೇನಾಧಿಕಾರಿ ರೇಮಿ ಅದು ಹವಾಮಾನದ ಬಲೂನು ಅಷ್ಟೇ ಅಂದುಬಿಟ್ಟ.

ಸುಳ್ಳು ಇದ್ದದ್ದು ಇಲ್ಲಿ. ಬಲೂನು ಹೌದು, ಆದ್ರೆ ಹವಾಮಾನದ್ದಲ್ಲ. ಆಗ ರಷ್ಯಾ ಅಣುಬಾಂಬು ಮಾಡುವ ತಯಾರಿಯಲ್ಲಿ ಇತ್ತು. ಅದು ಬಾಂಬು ಸಿಡಿಸಿದ್ರೆ ಸಾವಿರಾರು ಮೈಲು ದೂರದಿಂದ ಗೊತ್ತಾಗುವುದು ಹೇಗೆ? ವಾತಾವರಣದಲ್ಲಿ ತುಂಬ ಎತ್ತರದ ಒಂದು ಪದರದಲ್ಲಿ ಶಬ್ದ ಚದುರದೆ ಬಹಳ ದೂರ ಹೋಗ್ತದೆ ಅಂತ ವಿಜ್ಞಾನಿಗಳ ಲೆಕ್ಕ. ಅಲ್ಲಿಗೆ ಮೈಕ್ ಕಳಿಸುವ ಗುಟ್ಟಿನ ಯೋಜನೆಗೆ ಮೊಗುಲ್ ಅಂತ ಹೆಸರು. ಹತ್ತಿಪ್ಪತ್ತು ಬಲೂನುಗಳನ್ನು ಮಲ್ಲಿಗೆ ಕಟ್ಟಿದ ಹಾಗೆ ಒಂದೇ ದಾರಕ್ಕೆ ಸಾಲಾಗಿ ಕಟ್ಟಿ, ರಾಡಾರಿಗೆ ಕಾಣಲಿ ಅಂತ ಕೋಲು ಮತ್ತು ಬೆಳ್ಳಿ ಕಾಗದದ ಚೌಕಟ್ಟು ತೂಗಿಸಿ ಬಿಡ್ತಿದ್ರು. ಬ್ರೇಜೆಲ್‌ಗೆ ಸಿಕ್ಕಿದ ಕೋಲು, ಕಾಗದ, ರಬ್ಬರು ಇದಕ್ಕೆ ಸರಿಯಾಗಿ ಹೊಂದ್ತದೆ. 1994ರಲ್ಲಿ ವಾಯುಸೇನೆ ಇದನ್ನೆಲ್ಲ ವರದಿ ಮಾಡಿ ಹೊರಗೆ ಹಾಕಿತು. ನೀನು ಹೇಳುವ ಒಪ್ಪಿಗೆ ಇದೇ. ಮತ್ತೆ ಅಷ್ಟು ಕಷ್ಟಪಟ್ಟರೂ 1949ರ ಆಗಸ್ಟಿನಲ್ಲಿ ರಷ್ಯಾ ಮೊದಲ ಬಾಂಬು ಸಿಡಿಸಿದ್ದು ಗೊತ್ತಾದದ್ದು ಈ ಬಲೂನಿನಿಂದ ಅಲ್ಲ, ವಿಮಾನಕ್ಕೆ ಕಟ್ಟಿದ ಫಿಲ್ಟರಿನಲ್ಲಿ ಸಿಕ್ಕಿದ ವಿಕಿರಣದ ಧೂಳಿನಿಂದ.

ಹೆಣ ಎಲ್ಲಿಂದ ಬಂತು? ಸುಮಾರು ಮೂವತ್ತು ವರ್ಷ ರೋಸ್‌ವೆಲ್ ಸುದ್ದಿಯೇ ಇರಲಿಲ್ಲ. 1978ರಲ್ಲಿ, ಆವತ್ತು ಆ ಚೂರುಗಳನ್ನು ತರ್ಲಿಕ್ಕೆ ಹೋಗಿದ್ದ ವಾಯುನೆಲೆಯ ನಿವೃತ್ತ ಅಧಿಕಾರಿ ಮಾರ್ಸೆಲ್‌ನ ಸಂದರ್ಶನ ಆಯ್ತು, ಅದರ ನಂತರ ವರ್ಷದಿಂದ ವರ್ಷಕ್ಕೆ ಹೊಸ ಸಾಕ್ಷಿಗಳು, ಹೊಸ ಹೆಣಗಳು. ವಿಡಿಯೊದಲ್ಲಿ ಶವ ಕೊಯ್ಯುವ ಕಪ್ಪು-ಬಿಳುಪು ದೃಶ್ಯ ಬಂತಲ್ಲ, ಅದು 1995ರಲ್ಲಿ ಟಿವಿಯಲ್ಲಿ ಬಂದದ್ದು. ಅದನ್ನು ಮಾರಿದವನೇ 2006ರಲ್ಲಿ ಅದು ಮರುಸೃಷ್ಟಿ ಮಾಡಿದ್ದು ಅಂತ ಒಪ್ಪಿದ. ಅಂಥದ್ದನ್ನು ಮಕ್ಕಳಿರುವ ಗುಂಪಿಗೆ ಹಾಕಿದ್ದು ನನಗೆ ತುಂಬ ಬೇಜಾರಾಯ್ತು.

ಅಮೆರಿಕದ ನೆವಾಡಾ ಮರುಭೂಮಿಯ ಗುಟ್ಟಿನ ವಾಯುನೆಲೆ ಏರಿಯಾ 51ರ ಕಥೆ ಕೂಡ ಇದೇ ಜಾತಿಯದ್ದು. 1955ರಿಂದ ಅಲ್ಲಿ ಯು-2 ಬೇಹುಗಾರಿಕೆ ವಿಮಾನ ಹಾರಿಸಿ ನೋಡ್ತಿದ್ರು. ಆಗ ಪ್ರಯಾಣಿಕರ ವಿಮಾನ ಇಪ್ಪತ್ತು ಸಾವಿರ ಅಡಿಯ ಒಳಗೆ, ಇದು ಅರುವತ್ತು ಸಾವಿರ ಅಡಿಯ ಮೇಲೆ. ಕೆಳಗೆ ಹಾರುವ ಪೈಲಟಿಗೆ ಸೂರ್ಯ ಮುಳುಗಿ ಕತ್ತಲು, ಮೇಲಿನದ್ದರ ರೆಕ್ಕೆಗೆ ಇನ್ನೂ ಬಿಸಿಲು ತಾಗಿ ಬೆಂಕಿಯ ಹಾಗೆ ಹೊಳೆಯುವುದು. ಅವರು ದೂರು ಕೊಡ್ತಿದ್ರು. ವಾಯುಸೇನೆಯವರು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹತ್ತಿರ ಹಾರಾಟದ ಸಮಯ ತಾಳೆ ನೋಡಿ ಯು-2 ಅಂತ ತಿಳಿದುಕೊಳ್ತಿದ್ರು, ಆದ್ರೆ ದೂರು ಕೊಟ್ಟವರಿಗೆ ಹೇಳ್ಲಿಕ್ಕಿಲ್ಲ. ಸಿಐಎ ತನ್ನದೇ ಇತಿಹಾಸದಲ್ಲಿ ಇದನ್ನು ಬರೆದಿದೆ. ಏರಿಯಾ 51ರ ಹೆಸರು ಅಳಿಸದೆ ಆ ದಾಖಲೆ ಹೊರಗೆ ಬಂದದ್ದು 2013ರಲ್ಲಿ. ಅಷ್ಟು ವರ್ಷ ಬಾಯಿ ಮುಚ್ಚಿ ಕೂತದ್ದರಿಂದ ಜನರ ತಲೆಯಲ್ಲಿ ಏನೇನೋ ಬೆಳೀತು. ಆ ತಪ್ಪು ಸರ್ಕಾರದ್ದೇ, ಅನುಮಾನ ಪಟ್ಟ ಜನರದ್ದಲ್ಲ.

ಇನ್ನು ಪ್ರಮಾಣ ಮಾಡಿದ ಅಧಿಕಾರಿ, ಡೇವಿಡ್ ಗ್ರಶ್. ಅವನು ಹೇಳಿದ್ದನ್ನು ಸರಿಯಾಗಿ ಕೇಳು. ಬೇರೆಯವರು ನನಗೆ ಹೇಳಿದ್ರು ಅಂತ ಹೇಳಿದ. ಬಿದ್ದ ಯಂತ್ರವನ್ನಾಗಲಿ ಹೆಣವನ್ನಾಗಲಿ ಕಣ್ಣಾರೆ ನೋಡಿದೆ ಅನ್ನಲಿಲ್ಲ. 2024ರ ಮಾರ್ಚಿನಲ್ಲಿ ಪೆಂಟಗನ್ನಿನ, ಅಂದ್ರೆ ಅಮೆರಿಕದ ರಕ್ಷಣಾ ಇಲಾಖೆಯ, ತನಿಖಾ ಕಚೇರಿಯ ವರದಿ ಬಂತು: ಅನ್ಯಲೋಕದ ಯಂತ್ರಕ್ಕೆ ಪುರಾವೆ ಇಲ್ಲ, ನಿಜವಾದ ಗುಟ್ಟಿನ ಯೋಜನೆಗಳನ್ನೇ ಕೆಲವರು ತಪ್ಪಾಗಿ ತಿಳಿದುಕೊಂಡದ್ದು ಉಂಟು ಅಂತ. ಪೆಂಟಗನ್ ಪೆಂಟಗನ್ನನ್ನೇ ತನಿಖೆ ಮಾಡಿದ್ರೆ ನಂಬುವುದು ಹೇಗೆ ಅಂತ ನೀನು ಕೇಳಬಹುದು, ನ್ಯಾಯವಾದ ಪ್ರಶ್ನೆ. ಹಾಗಾದ್ರೆ ಯಾರನ್ನೂ ಬರೇ ಮಾತಿನ ಮೇಲೆ ನಂಬುವುದು ಬೇಡ, ಒಂದು ಚೂರು ಲೋಹ ಹೊರಗಿನವರ ಕೈಗೆ ಪರೀಕ್ಷೆಗೆ ಬರಲಿ. ಎಪ್ಪತ್ತೈದು ವರ್ಷ ದಾಟಿದ್ರೂ ಅಂಥ ಒಂದು ಚೂರು ಬಂದಿಲ್ಲ.

ಆಕಾಶದಿಂದ ವಸ್ತು ಬೀಳುವುದು ನಮಗೇನು ಹೊಸತಲ್ಲ. 2022ರ ಯುಗಾದಿ ದಿನ, ಏಪ್ರಿಲ್ 2ರ ರಾತ್ರಿ, ಮಹಾರಾಷ್ಟ್ರದ ಎಷ್ಟೋ ಜಿಲ್ಲೆಯವರು ಬೆಂಕಿಯ ಗೆರೆ ನೋಡಿದ್ರು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲೂಕಿನಲ್ಲಿ ದೊಡ್ಡ ಲೋಹದ ಉಂಗುರ ಬಿತ್ತು, ಗೋಳಗಳು ಸಿಕ್ಕಿದವು. ಪೊಲೀಸರು ಠಾಣೆಗೆ ತಂದಿಟ್ಟರು, ಇಸ್ರೋದವರು ಬಂದು ನೋಡಿದ್ರು. ಚೀನಾದ ರಾಕೆಟಿನ ತುಂಡು ಅಂತ ತಿಳಿದವರು ಹೇಳಿದ್ರು. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ ದೊಡ್ಡ ಬಲೂನು ಯಂತ್ರದ ಸಮೇತ ಇಳಿದು ಊರೆಲ್ಲ ಗಾಬರಿಯಾಯ್ತು. ಅದು ವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನ ಹೈದರಾಬಾದ್ ಕೇಂದ್ರದಿಂದ ಬಿಟ್ಟದ್ದು. ನಮ್ಮ ಕೊಲಾಬಾದ ಟಿಐಎಫ್‌ಆರೇ. ಇಂಥ ಬಲೂನು ಸಿಕ್ಕಿದ್ರೆ ಹೆದರಬೇಡಿ, ಒಳಗಿನ ಯಂತ್ರ ಮುಟ್ಟಬೇಡಿ, ತಿಳಿಸಿ ಅಂತ ಅವರು ಮೊದಲೇ ಪ್ರಕಟಣೆ ಕೊಡ್ತಾರೆ. ರೋಸ್‌ವೆಲ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಇಲ್ಲಿ ಯಾರದ್ದು ಅಂತ ಹೇಳಿದ್ರು, ಅಲ್ಲಿ ಹೇಳಲಿಲ್ಲ.

ಈಗ ನನಗೆ ನಿಜವಾಗಿ ಸಂಕಟ ಆಗುವ ವಿಷಯ. ನಮ್ಮ ಸರ್ಕಾರ ಮುಚ್ಚಿಟ್ಟದ್ದು ಬೇಕಲ್ಲ ನಿನಗೆ? ಉತ್ತರಾಖಂಡದ ಹಿಮಾಲಯ ಶಿಖರ ನಂದಾದೇವಿ ಬಗ್ಗೆ ಓದು. 1964ರಲ್ಲಿ ಚೀನಾ ಅಣುಬಾಂಬು ಸಿಡಿಸಿತು. ಮುಂದಿನ ವರ್ಷ ಸಿಐಎ ಮತ್ತು ನಮ್ಮ ಗುಪ್ತಚರದವರು ಒಟ್ಟಿಗೆ, ಚೀನಾದ ಪರೀಕ್ಷೆ ಪತ್ತೆ ಹಚ್ಚುವ ಯಂತ್ರವನ್ನು ನಂದಾದೇವಿಯ ಮೇಲೆ ಇಡ್ಲಿಕ್ಕೆ ಹೊರಟರು. ಅದಕ್ಕೆ ವಿದ್ಯುತ್ ಕೊಡುವುದು ಪ್ಲುಟೋನಿಯಂ ಅನ್ನುವ ವಿಕಿರಣದ ವಸ್ತು. ಹವೆ ಕೆಟ್ಟು, ಸಾಮಾನನ್ನು ದಾರಿಯಲ್ಲೇ ಬಂಡೆಗೆ ಕಟ್ಟಿ ಇಳಿದುಬಂದ್ರು. 1966ರಲ್ಲಿ ಹೋಗಿ ನೋಡಿದ್ರೆ ಅದು ಇಲ್ಲ. ಹಿಮ ಜಾರಿ ಹೋಗಿರಬೇಕು. ಈವರೆಗೆ ಸಿಕ್ಕಿಲ್ಲ. ಕೆಳಗೆ ಋಷಿಗಂಗಾ ಹರೀತದೆ, ಅದು ಧೌಲಿಗಂಗಾದ ಮೂಲಕ ಅಲಕನಂದಾಕ್ಕೆ ಸೇರ್ತದೆ, ಆ ನೀರೇ ಗಂಗೆ. ದೇಶಕ್ಕೆ ಗೊತ್ತಾದದ್ದು 1978ರಲ್ಲಿ, ಅದೂ ಅಮೆರಿಕದ ಒಂದು ಮ್ಯಾಗಜಿನ್ ಬರೆದ ಮೇಲೆ. ಆಗ ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿನಲ್ಲಿ ಹೌದು ಅಂದ್ರು, ವಿಜ್ಞಾನಿಗಳ ಸಮಿತಿ ಮಾಡಿದ್ರು.

2021ರ ಫೆಬ್ರವರಿಯಲ್ಲಿ ಚಮೋಲಿಯಲ್ಲಿ ಪ್ರವಾಹ ಬಂದಾಗ ರೈಣಿ ಊರಿನವರು ಮೊದಲು ಕೇಳಿದ್ದು ಆ ಯಂತ್ರದ ಬಗ್ಗೆ. ಪ್ರವಾಹಕ್ಕೆ ಕಾರಣ ಬಂಡೆ ಮತ್ತು ಹಿಮ ಕುಸಿದದ್ದು ಅಂತ ಆಮೇಲೆ ಗೊತ್ತಾಯ್ತು. ಆದ್ರೆ ಅಷ್ಟು ವರ್ಷದ ನಂತರವೂ ಅವರಿಗೆ ಆ ಹೆದರಿಕೆ ಇತ್ತಲ್ಲ! ಅವರಿಗೆ ಸಿಗಬೇಕಾದ ಉತ್ತರಕ್ಕಾಗಿ ನಮ್ಮ ಗುಂಪಿನಲ್ಲಿ ಯಾರೂ ಒಂದು ಮೆಸೇಜು ಹಾಕಿಲ್ಲ. ಅನುಮಾನ ಪಡುವ ನಿನ್ನ ಗುಣ ಒಳ್ಳೆಯದು ಮಗಾ, ಅದನ್ನು ಅನ್ಯಲೋಕದ ಹೆಣದ ಮೇಲೆ ಖರ್ಚು ಮಾಡಬೇಡ. ಇದರ ಮೇಲೆ ಹಾಕು.

ಭಾವ, ನೀವು ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದಲ್ಲಿ ಅಷ್ಟು ವರ್ಷ ಕೆಲಸ ಮಾಡಿದವರು. ಆ ಯಂತ್ರದಲ್ಲಿದ್ದ ಪ್ಲುಟೋನಿಯಂ-238 ಅರ್ಧಕ್ಕೆ ಇಳೀಲಿಕ್ಕೆ ಸುಮಾರು 88 ವರ್ಷ ಬೇಕು ಅಂತ ಓದಿದ್ದೇನೆ. ಅಂದ್ರೆ ಈಗಲೂ ಅರ್ಧಕ್ಕಿಂತ ಹೆಚ್ಚು ಅಲ್ಲೇ ಉಂಟು. ಅದು ನೀರಿಗೆ ಸೇರಿದ್ರೆ ಎಂತ ಆಗ್ತದೆ, ಸೇರದ ಹಾಗೆ ಹೇಗೆ ಮುಚ್ಚಿರ್ತಾರೆ ಅಂತ ರಾತ್ರಿ ಊಟ ಆದ ಮೇಲೆ ಒಂದು ವಾಯ್ಸ್ ಮೆಸೇಜ್ ಹಾಕಿ. ಮಕ್ಕಳೂ ಕೇಳಲಿ.