ಪಾಮ್ ಸ್ಪ್ರಿಂಗ್ಸ್: ಮಂಡಿನೋವಿನ ಅಮ್ಮ, ಬಂಡೆ ಹತ್ತುವ ಮಗ, ಮೂರು ರಾತ್ರಿ. ಹೋಗಿಬಂದವರು ದಯವಿಟ್ಟು ತಿಳಿಸಿ

ಅರ್ವೈನ್‌ನಿಂದ ಪ್ರಶ್ನೆ

ನಮಸ್ಕಾರ. ಧಾರವಾಡದಿಂದ ಬಂದಿರುವ ನನ್ನ ತಂದೆ ತಾಯಿಯವರನ್ನು ಫೆಬ್ರವರಿಯಲ್ಲಿ ಮೂರು ರಾತ್ರಿಗಳ ಮಟ್ಟಿಗೆ ಕ್ಯಾಲಿಫೋರ್ನಿಯಾದ ಮರುಭೂಮಿಯ ಊರಾದ ಪಾಮ್ ಸ್ಪ್ರಿಂಗ್ಸ್‌ಗೆ ಕರೆದುಕೊಂಡು ಹೋಗುವ ಯೋಚನೆಯಿದೆ. ತಾಯಿಯವರಿಗೆ ಮಂಡಿನೋವು, ತಂದೆಯವರು ದಿನವೂ ವಾಕಿಂಗ್ ಮಾಡುವವರಾದರೂ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೆಂಡತಿಗೆ ಚಿತ್ರಕಲೆ ಮತ್ತು ಹಳೆಯ ಕಟ್ಟಡಗಳೆಂದರೆ ಪ್ರೀತಿ, ಹನ್ನೆರಡು ವರ್ಷದ ಮಗನಿಗೆ ಬಂಡೆ ಹತ್ತುವ ಹುಚ್ಚು. ನಾವೆಲ್ಲರೂ ಸಸ್ಯಾಹಾರಿಗಳು. ಬೆಟ್ಟಕ್ಕೆ ತಂತಿಯ ಮೇಲೆ ಏರುವ ಟ್ರಾಮ್‌ವೇ (ಕೇಬಲ್ ಕಾರ್), ಕಣಿವೆಗಳು, ಮ್ಯೂಸಿಯಂ, ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನ, ಇಷ್ಟೂ ಆಗುವುದೇ? ಆಗದಿದ್ದರೆ ಯಾವುದನ್ನು ಬಿಡಬಹುದು?

ರಿವರ್‌ಸೈಡ್‌ನಿಂದ

ಮೂರು ರಾತ್ರಿ ಸಾಕು. ಯಾವ ಹೊತ್ತಿಗೆ ಯಾವ ಎತ್ತರದಲ್ಲಿರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡರೆ ಉಳಿದದ್ದು ಸುಲಭ. ಊರು ಸಮುದ್ರಮಟ್ಟದಿಂದ 150 ಮೀಟರ್‌ನಷ್ಟೂ ಮೇಲಿಲ್ಲ. ಟ್ರಾಮ್‌ವೇ ನಿಮ್ಮನ್ನು ಇಳಿಸುವ ನಿಲ್ದಾಣ ಸುಮಾರು 2,600 ಮೀಟರ್ ಎತ್ತರದಲ್ಲಿದೆ. ಜೋಶುವಾ ಟ್ರೀ ಉದ್ಯಾನದ ಬಹುಪಾಲು ರಸ್ತೆ ಇವೆರಡರ ನಡುವಿನದು. ಹೀಗಾಗಿ ಊರಿನಲ್ಲಿ ತೆಳುವಾದ ಅಂಗಿ ಸಾಕಾಗುವ ಫೆಬ್ರವರಿ ಮಧ್ಯಾಹ್ನದಲ್ಲೇ ಬೆಟ್ಟದ ಮೇಲೆ ಹಿಮ ಬಿದ್ದಿರುತ್ತದೆ. ಅಪ್ಪ ಅಮ್ಮನ ಸ್ವೆಟರ್, ಟೋಪಿ, ಕಾಲುಚೀಲಗಳನ್ನು ಸೂಟ್‌ಕೇಸಿನಲ್ಲಿ ಬಿಡದೆ ಕಾರಿನಲ್ಲೇ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಊರಿನ ಪಶ್ಚಿಮಕ್ಕೆ 3,300 ಮೀಟರ್ ಎತ್ತರದ ಸ್ಯಾನ್ ಹಸಿಂಟೊ ಪರ್ವತ ಗೋಡೆಯಂತೆ ಎದ್ದು ನಿಂತಿರುವುದರಿಂದ ಚಳಿಗಾಲದಲ್ಲಿ ಸೂರ್ಯ ಪಂಚಾಂಗದ ಸೂರ್ಯಾಸ್ತಕ್ಕಿಂತ ಬಹಳ ಮೊದಲೇ ಬೆಟ್ಟದ ಹಿಂದೆ ಸರಿಯುತ್ತಾನೆ, ಬೆಟ್ಟದ ಬುಡದ ಕಣಿವೆಗಳಲ್ಲಿ ನಡುಮಧ್ಯಾಹ್ನ ಕಳೆಯುತ್ತಿದ್ದಂತೆಯೇ ನೆರಳೂ ಚಳಿಯೂ ಒಟ್ಟಿಗೆ ಇಳಿಯುತ್ತವೆ. ಆದ್ದರಿಂದ ಕಣಿವೆಗೆ ಬೆಳಿಗ್ಗೆಯೇ ಹೋಗಿ.

ಕಣಿವೆಗಳ ಪೈಕಿ ನಿಮ್ಮ ಕುಟುಂಬಕ್ಕೆ ಆಂಡ್ರಿಯಾಸ್ ಕಣಿವೆ ಹೇಳಿ ಮಾಡಿಸಿದಂತಿದೆ. ಇಂಡಿಯನ್ ಕ್ಯಾನಿಯನ್ಸ್ ಎಂಬ ಈ ಇಡೀ ಪ್ರದೇಶ ಇಲ್ಲಿನ ಮೂಲನಿವಾಸಿಗಳಾದ ಕವಿಯಾ ಜನಾಂಗದ ಆಗ್ವಾ ಕಲಿಯೆಂಟೆ ಪಂಗಡಕ್ಕೆ ಸೇರಿದ್ದು, ಪ್ರವೇಶಶುಲ್ಕವನ್ನು ಅವರೇ ಪಡೆಯುತ್ತಾರೆ. ಸುಮಾರು ಎರಡು ಕಿಲೋಮೀಟರ್‌ನ ಸುತ್ತುದಾರಿ ಹೊಳೆಯ ಪಕ್ಕದಲ್ಲೇ ಸಾಗುತ್ತದೆ. ತಾಯಿಯವರು ಆರಂಭದ ಸಮತಟ್ಟಾದ ಭಾಗವನ್ನಷ್ಟೇ ನಡೆದು ನೀರಿನ ಬಳಿ ಕುಳಿತರೂ ನೋಡಬೇಕಾದದ್ದನ್ನೆಲ್ಲ ನೋಡಿದಂತೆಯೇ. ಇಲ್ಲಿಯ ತಾಳೆಮರಗಳು ನೆಟ್ಟವಲ್ಲ, ಈ ಮರುಭೂಮಿಯವೇ. ಒಣಗಿದ ಗರಿ ಕಳಚಿ ಬೀಳದೆ ಕಾಂಡದ ಸುತ್ತ ಬುಡದವರೆಗೂ ಲಂಗದಂತೆ ಇಳಿಬಿದ್ದಿರುತ್ತದೆ, ಗಾಳಿ ಬೀಸಿದಾಗ ಅದರೊಳಗಿನಿಂದ ಹಕ್ಕಿಗಳು ಹಾರುತ್ತವೆ. ದಾರಿಯ ಬದಿಯ ಬಂಡೆಯಲ್ಲಿ ಕವಿಯಾ ಹೆಂಗಸರು ಕಾಳು, ಬೀಜಗಳನ್ನು ಕುಟ್ಟಿ ಕುಟ್ಟಿ ಆಗಿರುವ ಗುಳಿಗಳಿವೆ. ಒರಳುಕಲ್ಲನ್ನು ಬಳಸಿ ಬಲ್ಲ ನಿಮ್ಮ ತಾಯಿಯವರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಪಾಮ್ ಕಣಿವೆಯೂ ಸುಂದರವೇ, ಆದರೆ ಅಲ್ಲಿ ವಾಹನ ನಿಲ್ಲಿಸುವ ಜಾಗದಿಂದ ತೋಪಿಗೆ ಇಳಿದು ಮತ್ತೆ ಏರಿಬರಬೇಕು. ತಾಕೀಟ್ಸ್ ಕಣಿವೆಯ 60 ಅಡಿಯ ಜಲಪಾತಕ್ಕೆ ಹೋಗುವ ದಾರಿಯ ತುಂಬ ಕಲ್ಲಿನ ಮೆಟ್ಟಿಲುಗಳು; ತಂದೆಯವರೂ ಮಗನೂ ಬೇಕಾದರೆ ಹೋಗಿಬರಲಿ.

ಸ್ಯಾನ್ ಡಿಯಾಗೊದಿಂದ

ನಿಮ್ಮ ಶ್ರೀಮತಿಯವರ ಆಸಕ್ತಿಯ ಬಗ್ಗೆ ನಾನು ಹೇಳುತ್ತೇನೆ. ಈ ಊರಿನಲ್ಲಿ ಕಲೆಯೆಂದರೆ ಮೊದಲು ಬೀದಿಗಳೇ. ಎರಡನೇ ಮಹಾಯುದ್ಧದ ನಂತರದ ಎರಡು ದಶಕಗಳಲ್ಲಿ ಹಾಲಿವುಡ್‌ನ ದುಡ್ಡೂ ಹೊಸ ಬಗೆಯಲ್ಲಿ ಯೋಚಿಸುವ ವಾಸ್ತುಶಿಲ್ಪಿಗಳೂ ಇಲ್ಲಿ ಕೂಡಿದ್ದರಿಂದ, ರಿಚರ್ಡ್ ನ್ಯೂಟ್ರಾ ಅವರ ಕಾಫ್ಮನ್ ಮನೆ (1946), ಗಾಯಕ ಫ್ರ್ಯಾಂಕ್ ಸಿನಾಟ್ರಾಗಾಗಿ ಇ. ಸ್ಟುವರ್ಟ್ ವಿಲಿಯಮ್ಸ್ ಕಟ್ಟಿದ ಮನೆ (1947), ಡೊನಾಲ್ಡ್ ವೆಕ್ಸ್ಲರ್ ಅವರ ಏಳು ಉಕ್ಕಿನ ಮನೆಗಳು, ಇವೆಲ್ಲ ಕಾರಿನಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿವೆ. ಬಿಸಿಲನ್ನು ತಡೆಯಲು ಮುಂಚಾಚಿದ ಚಾವಣಿ, ಗಾಳಿ ಬಿಟ್ಟು ಬಿಸಿಲನ್ನು ಸೋಸುವ ಕಾಂಕ್ರೀಟ್ ಜಾಲಿಗೋಡೆ, ಬೆಟ್ಟದ ಕಡೆಗೆ ಪೂರ್ತಿ ತೆರೆದುಕೊಳ್ಳುವ ಗಾಜು: ಒಂದು ಮನೆಯಲ್ಲಿ ಇವನ್ನು ಗುರುತಿಸಿದರೆ ಉಳಿದ ಮನೆಗಳೂ ತಾವಾಗಿಯೇ ಅರ್ಥವಾಗುತ್ತವೆ. ಹೆಚ್ಚಿನವು ಜನ ವಾಸಿಸುವ ಖಾಸಗಿ ಮನೆಗಳಾದ್ದರಿಂದ ರಸ್ತೆಯಿಂದಲೇ ನೋಡಬೇಕು.

ಹೆದ್ದಾರಿ 111ರಲ್ಲಿ ಊರು ಪ್ರವೇಶಿಸುವಾಗ ಸಿಗುವ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಮೊದಲು ನಿಲ್ಲಿಸಿ. ಆಕಾಶಕ್ಕೆ ಚೂಪಾಗಿ ಚಾಚಿದ ಚಾವಣಿಯ ಆ ಕಟ್ಟಡ 1965ರಲ್ಲಿ ಆಲ್ಬರ್ಟ್ ಫ್ರೇ ವಿನ್ಯಾಸ ಮಾಡಿದ ಪೆಟ್ರೋಲ್ ಬಂಕ್ ಆಗಿತ್ತು. ಇದೇ ಫ್ರೇ ಬೆಟ್ಟದ ಇಳಿಜಾರಿನಲ್ಲಿ ತಮಗಾಗಿ ಕಟ್ಟಿಕೊಂಡ ಮನೆಯೊಳಗೆ ದೊಡ್ಡ ಬಂಡೆಯೊಂದು ಹಾಗೆಯೇ ಉಳಿದಿದೆ, ಗಾಜನ್ನು ಬಂಡೆಯ ಆಕಾರಕ್ಕೆ ಸರಿಯಾಗಿ ಕತ್ತರಿಸಿ ಕೂರಿಸಲಾಗಿದೆ. ಈಗ ಅದು ಪಾಮ್ ಸ್ಪ್ರಿಂಗ್ಸ್ ಕಲಾ ಮ್ಯೂಸಿಯಂನ ಸ್ವತ್ತು.

ಫೆಬ್ರವರಿ ಎಂದಿದ್ದೀರಿ. ಮಾಡರ್ನಿಸಂ ವೀಕ್ ಎಂಬ ವಾಸ್ತುಶಿಲ್ಪದ ಹಬ್ಬ ನಡೆಯುವುದು ಅದೇ ತಿಂಗಳಲ್ಲಿ. ಹೆಸರಿಗೆ ವಾರ, ನಡೆಯುವುದು ಹನ್ನೊಂದು ದಿನ. ಇತರ ಸಮಯದಲ್ಲಿ ಬಾಗಿಲು ಮುಚ್ಚಿರುವ ಮನೆಗಳನ್ನು ಆಗ ಒಳಹೊಕ್ಕು ನೋಡಬಹುದು, ಆದರೆ ಜನಪ್ರಿಯ ಮನೆಗಳ ಟಿಕೆಟ್‌ಗಳು ಬಹಳ ಮುಂಚೆಯೇ ಮುಗಿದಿರುತ್ತವೆ ಮತ್ತು ಹೋಟೆಲ್ ಬಾಡಿಗೆ ಏರಿರುತ್ತದೆ. ಟಿಕೆಟ್ ಸಿಕ್ಕರೆ ಆ ದಿನಗಳಲ್ಲೇ ಹೋಗಿ. ಸಿಗದಿದ್ದರೆ ಅವನ್ನು ಬಿಟ್ಟು ಬೇರೆ ವಾರ ಹೋಗುವುದೇ ಜಾಣತನ. ಕಲಾ ಮ್ಯೂಸಿಯಂ ವಾರದ ಎಲ್ಲ ದಿನವೂ ತೆರೆದಿರುವುದಿಲ್ಲವಾದ್ದರಿಂದ ದಿನಾಂಕ ನೋಡಿಕೊಳ್ಳಿ. ಗುರುವಾರ ಊರಿನಲ್ಲಿದ್ದರೆ ಸಂಜೆ ಮುಖ್ಯರಸ್ತೆಯನ್ನೇ ಮುಚ್ಚಿ ನಡೆಸುವ ಸಂತೆಯೂ ಸಿಗುತ್ತದೆ.

ಪ್ರತಿಮೆ, ಅಂಗಡಿ, ಈಜುಕೊಳಗಳ ನಡುವೆ ಒಂದನ್ನು ಮರೆಯಬಾರದು. ಊರಿನ ಹುಟ್ಟಿಗೆ ಕಾರಣವಾದ ಬಿಸಿನೀರಿನ ಬುಗ್ಗೆ ಕವಿಯಾ ಜನರದು. ಅದರ ಪಕ್ಕದಲ್ಲೇ 2023ರಲ್ಲಿ ಅವರ ಸಾಂಸ್ಕೃತಿಕ ಮ್ಯೂಸಿಯಂ ತೆರೆದಿದೆ. ಅಲ್ಲಿನ ಹೆಣೆದ ಬುಟ್ಟಿಗಳನ್ನು ನೋಡಲೇಬೇಕು. ಇದೇ ಸುತ್ತಿನ ಸೆಕ್ಷನ್ 14 ಎಂಬ ಒಂದು ಚದರ ಮೈಲಿ ಜಾಗದಲ್ಲಿ 1950 ಮತ್ತು 60ರ ದಶಕಗಳಲ್ಲಿ ಕಪ್ಪು ಹಾಗೂ ಲ್ಯಾಟಿನೊ ಕುಟುಂಬಗಳನ್ನು ಒಕ್ಕಲೆಬ್ಬಿಸಿ ಮನೆಗಳನ್ನು ಕೆಡವಿ ಸುಡಲಾಯಿತು. ಅವರಿಗೆ ಪರಿಹಾರ ಕೊಡಲು ನಗರಸಭೆ ಒಪ್ಪಿದ್ದು 2024ರಲ್ಲಿ. ಚೆಂದದ ಮನೆಗಳನ್ನು ನೋಡುವಾಗ ಇದೂ ಗೊತ್ತಿರಲಿ ಎಂದು ಹೇಳಿದೆ.

ಪಸಡೀನಾದಿಂದ

ಜೋಶುವಾ ಟ್ರೀಗೆ ಪೂರ್ತಿ ಒಂದು ದಿನ ಇಡಿ. ಅರ್ಧ ದಿನದ ಭೇಟಿ ಕಾರಿನಲ್ಲೇ ಕಳೆದುಹೋಗುತ್ತದೆ. ಹೆದ್ದಾರಿ 62ರ ಮೂಲಕ ಪಶ್ಚಿಮದ ದ್ವಾರದಲ್ಲಿ ಒಳಹೊಕ್ಕು ದಕ್ಷಿಣದ ಕಾಟನ್‌ವುಡ್ ದ್ವಾರದಿಂದ ಹೊರಬಂದು ಇಂಟರ್‌ಸ್ಟೇಟ್ 10 ಹಿಡಿದರೆ ಒಂದೇ ದಿನದಲ್ಲಿ ಎರಡು ಮರುಭೂಮಿಗಳನ್ನು ದಾಟುತ್ತೀರಿ: ಮೇಲೆ ಜೋಶುವಾ ಮರಗಳ ಮೊಹಾವಿ, ಕೆಳಗೆ ಆ ಮರಗಳೇ ಇಲ್ಲದ ಕೊಲರಾಡೊ. ಉದ್ಯಾನದೊಳಗೆ ಊಟದ ಹೋಟೆಲ್ ಇಲ್ಲ, ಪೆಟ್ರೋಲ್ ಇಲ್ಲ, ಮೊಬೈಲ್ ಸಿಗ್ನಲ್ ಬಹುತೇಕ ಇಲ್ಲ. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಂಡು, ನೀರು ತುಂಬಿಕೊಂಡು, ಟ್ಯಾಂಕ್ ಭರ್ತಿ ಮಾಡಿಸಿಕೊಂಡೇ ಒಳಗೆ ಹೋಗಿ.

ಹಿಡನ್ ವ್ಯಾಲಿಯ ಒಂದು ಮೈಲಿ ಸುತ್ತುದಾರಿ ನಿಮ್ಮ ಮಗನ ಜಾಗ. ಬಂಡೆಗಳ ಮೇಲೆ ಹಗ್ಗ ಹಿಡಿದು ಏರುವವರನ್ನು ಅವನು ಅಲ್ಲಿಯೇ ನೋಡುತ್ತಾನೆ. ತಾನೂ ಏರಬೇಕೆಂದರೆ ಉದ್ಯಾನದ ಅನುಮತಿ ಪಡೆದಿರುವ ತರಬೇತುದಾರರನ್ನು ಮೊದಲೇ ಗೊತ್ತುಮಾಡಿ. ಆ ಗ್ರಾನೈಟ್ ಮರಳುಕಾಗದದಷ್ಟು ಒರಟು. ಕಾಲಿಗೆ ಹಿಡಿತ ಕೊಡುತ್ತದೆ, ಕೈ ಜಾರಿದರೆ ಚರ್ಮ ಕಿತ್ತುಬರುತ್ತದೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎಂದು ಅವನಿಗೆ ಮೊದಲೇ ಹೇಳಿ. ಕೀಸ್ ವ್ಯೂ ಎಂಬ ನೋಟದ ತಾಣಕ್ಕೆ ಕಾರು ಹತ್ತಿರದವರೆಗೂ ಹೋಗುವುದರಿಂದ ತಾಯಿಯವರೂ ಇಳಿದು ನೋಡಬಹುದು: ಕೆಳಗೆ ಇಡೀ ಕೋಚೆಲ್ಲಾ ಕಣಿವೆ, ಅದರುದ್ದಕ್ಕೂ ಹಾದುಹೋಗುವ ಸ್ಯಾನ್ ಆಂಡ್ರಿಯಾಸ್ ಭೂಬಿರುಕು, ದೂರದಲ್ಲಿ ಸಾಲ್ಟನ್ ಸರೋವರ. ಗಾಳಿ ಮಾತ್ರ ಜೋರು.

ಚೋಯಾ ಕಳ್ಳಿಯ ತೋಟದಲ್ಲಿ ಒಂದು ಬಾಚಣಿಗೆ ಜೇಬಿನಲ್ಲಿರಲಿ. ಆ ಕಳ್ಳಿಯ ತುಂಡುಗಳು ಸ್ವಲ್ಪ ತಾಗಿದರೂ ಗಿಡದಿಂದ ಕಳಚಿ ಬಟ್ಟೆಗೂ ಚರ್ಮಕ್ಕೂ ಅಂಟಿಕೊಳ್ಳುತ್ತವೆ. ಮುಳ್ಳುಗಳ ತುದಿಯಲ್ಲಿ ಹಿಮ್ಮುಖವಾದ ಸಣ್ಣ ಕೊಕ್ಕೆಗಳಿರುವುದರಿಂದ ಕೈಯಿಂದ ಎಳೆದರೆ ಕೈಗೇ ಚುಚ್ಚುತ್ತದೆ. ಬಾಚಣಿಗೆಯ ಹಲ್ಲುಗಳನ್ನು ತುಂಡಿನ ಅಡಿಗೆ ತೂರಿಸಿ ಒಮ್ಮೆಲೇ ಚಿಮ್ಮಿಸಿ ತೆಗೆಯಬೇಕು. ಸೀರೆಯ ನೆರಿಗೆ ದಾರಿಯಂಚಿಗೆ ತಾಗದಂತೆಯೂ ನೋಡಿಕೊಳ್ಳಿ.

ಫೀನಿಕ್ಸ್‌ನಿಂದ

ಯಾವುದನ್ನು ಬಿಡಬೇಕು ಎಂದು ಕೇಳಿದ್ದೀರಿ. ಬಿಡಲೇಬೇಕಾದರೆ ಟ್ರಾಮ್‌ವೇ ಬಿಡಿ. ಹತ್ತೇ ನಿಮಿಷದಲ್ಲಿ 1,800 ಮೀಟರ್ ಮೇಲೇರುವುದು ಬಿಪಿ ಇರುವವರಿಗೆ ಸಣ್ಣ ಮಾತಲ್ಲ.

ರಿವರ್‌ಸೈಡ್‌ನಿಂದ

ಫೀನಿಕ್ಸ್‌ನವರ ಎಚ್ಚರಿಕೆ ಸರಿ, ವೈದ್ಯರನ್ನು ಕೇಳಿಯೇ ಹೋಗಬೇಕು. ಆದರೆ ವೈದ್ಯರು ಒಪ್ಪಿದರೆ ನಾನಂತೂ ಬಿಡುವುದಿಲ್ಲ. 1963ರಲ್ಲಿ ಆರಂಭವಾದ ಈ ಟ್ರಾಮ್‌ವೇಯ ಈಗಿನ ಗಾಡಿಗಳ ನೆಲ ಸಾಗುತ್ತಲೇ ನಿಧಾನವಾಗಿ ಸುತ್ತುವುದರಿಂದ ಕಿಟಕಿಗಾಗಿ ನೂಕಾಡುವ ಅಗತ್ಯವಿಲ್ಲ. ಕಂಬಗಳನ್ನು ದಾಟುವಾಗ ಗಾಡಿ ಒಮ್ಮೆ ತೂಗಿದಂತಾಗುತ್ತದೆ, ಎಲ್ಲರೂ ಕೂಗುತ್ತಾರೆ, ಅಮ್ಮನಿಗೆ ಮೊದಲೇ ತಿಳಿಸಿಡಿ. ಮೇಲೆ ನಿಲ್ದಾಣದ ಕಟ್ಟಡದಲ್ಲೇ ಕುಳಿತು ನೋಡುವ ಜಾಗಗಳಿವೆ. ಹಿಂಬದಿಯಿಂದ ಕಾಡಿಗೆ ಇಳಿಯುವ ಕಾಂಕ್ರೀಟ್ ದಾರಿ ಮಾತ್ರ ಕಡಿದಾಗಿದ್ದು, ಹಿಂದಿರುಗುವಾಗ ತೆಳುವಾದ ಗಾಳಿಯಲ್ಲಿ ಏರಬೇಕು; ಮಂಡಿನೋವಿನವರು ಇಳಿಯಬಾರದು. ಟಿಕೆಟ್ ಆನ್‌ಲೈನ್‌ನಲ್ಲಿ ಮುಂಗಡವಾಗಿ ತೆಗೆದುಕೊಳ್ಳಿ. ಹಿಂದಿನ ರಾತ್ರಿ ಊರಿನಲ್ಲಿ ತಂಗಿ, ತಂದೆಯವರ ಮಾತ್ರೆ ಮತ್ತು ತಿಂಡಿ ಮುಗಿದ ಮೇಲೆಯೇ ಹೊರಡಿ.

ಅರ್ವೈನ್‌ನಿಂದ

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಮೊದಲ ದಿನ ಮಾಹಿತಿ ಕೇಂದ್ರ ಮತ್ತು ಮನೆಗಳು, ಎರಡನೆಯ ದಿನ ಬೆಳಿಗ್ಗೆ ಆಂಡ್ರಿಯಾಸ್, ಮಧ್ಯಾಹ್ನ ಮ್ಯೂಸಿಯಂ, ಮೂರನೆಯ ದಿನ ಜೋಶುವಾ ಟ್ರೀ, ಹೊರಡುವ ದಿನ ವೈದ್ಯರು ಒಪ್ಪಿದರೆ ಟ್ರಾಮ್‌ವೇ ಎಂದುಕೊಂಡಿದ್ದೇವೆ. ಊಟದ ವ್ಯವಸ್ಥೆ ಹೇಗೆ?

ಸ್ಯಾನ್ ಡಿಯಾಗೊದಿಂದ

ಅಡುಗೆಮನೆಯಿರುವ ವಸತಿಯನ್ನೇ ಹಿಡಿಯಿರಿ. ಹೊರಗೆ ಸಸ್ಯಾಹಾರ ಸಿಗುತ್ತದೆ, ಆದರೆ ಹಿರಿಯರಿಗೆ ರಾತ್ರಿ ಒಂದು ಹಿಡಿ ಅನ್ನ ಸಾರು ಇದ್ದರೆ ಮರುದಿನದ ತಿರುಗಾಟ ಸಲೀಸು. ಜೋಶುವಾ ಟ್ರೀಗೆ ಚಪಾತಿ ಅಥವಾ ಕಟಕರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ದಕ್ಷಿಣದ ದ್ವಾರದಿಂದ ಹಿಂದಿರುಗುವಾಗ ದಾರಿಯಲ್ಲಿ ಇಂಡಿಯೊ ಸಿಗುತ್ತದೆ. ಅಮೆರಿಕದ ಖರ್ಜೂರದ ಬಹುಪಾಲು ಬೆಳೆಯುವುದು ಈ ಕಣಿವೆಯಲ್ಲೇ. 1924ರಿಂದ ಇರುವ ಶೀಲ್ಡ್ಸ್ ಖರ್ಜೂರದ ತೋಟದಲ್ಲಿ ಮಗನಿಗೆ ಮಿಲ್ಕ್‌ಶೇಕ್ ಕೊಡಿಸಿ, ಅಂಗಡಿ ಮುಚ್ಚುವ ಹೊತ್ತನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ರಿವರ್‌ಸೈಡ್‌ನಿಂದ

ಸ್ಯಾನ್ ಗೊರ್ಗೊನಿಯೊ ಕಣಿವೆಮಾರ್ಗದ ಗಾಳಿ ಜೋರಾದ ದಿನ ಊರಿನ ಉತ್ತರದ ಇಂಡಿಯನ್ ಕ್ಯಾನಿಯನ್ ಡ್ರೈವ್ ಮತ್ತು ಜೀನ್ ಆಟ್ರಿ ಟ್ರೇಲ್ ರಸ್ತೆಗಳನ್ನು ಮರಳಿನ ಕಾರಣ ಮುಚ್ಚುವುದುಂಟು. ಹೊರಡುವ ಮುನ್ನ ವಿಚಾರಿಸಿಕೊಂಡು, ಮುಚ್ಚಿದ್ದರೆ ಹೆದ್ದಾರಿ 111ರಲ್ಲೇ ಬನ್ನಿ. ಪ್ರೆಸಿಡೆಂಟ್ಸ್ ಡೇ (ಫೆಬ್ರವರಿಯ ಮೂರನೆಯ ಸೋಮವಾರದ ಸರ್ಕಾರಿ ರಜೆ) ದಿನ ಹಿಂದಿರುಗುವುದಾದರೆ ಮಧ್ಯಾಹ್ನ ಇಂಟರ್‌ಸ್ಟೇಟ್ 10 ತುಂಬಿಹೋಗುತ್ತದೆ. ಆ ದಿನವಾದರೆ ಟ್ರಾಮ್‌ವೇಯನ್ನು ಎರಡನೆಯ ದಿನದ ಮಧ್ಯಾಹ್ನಕ್ಕೆ, ಮ್ಯೂಸಿಯಂ ಅನ್ನು ಮೊದಲ ದಿನಕ್ಕೆ ಬದಲಾಯಿಸಿಕೊಂಡು, ಸೋಮವಾರ ಬೆಳಗಿನ ತಿಂಡಿಯಾದ ಕೂಡಲೇ ಹೊರಟುಬಿಡಿ.